ನೋವಿಗೂ ಬೇಕು ಒಂದು ಗೋಷ್ಠಿ

ಶಿಕಾರಿಪುರ ತಾಲ್ಲೂಕಿನ ಈಸೂರು 1942ರಲ್ಲಿ ತನ್ನನ್ನು ತಾನೇ ಸ್ವತಂತ್ರವೆಂದು ಸಾರಿಕೊಂಡ ಗ್ರಾಮ. ಅಲ್ಲಿಯ ಗುರಪ್ಪ, ಮಲ್ಲಪ್ಪ, ಸೂರ್ಯನಾರಾಯಣಾಚಾರ್, ಹಾಲಪ್ಪ, ಶಂಕರಪ್ಪ ಎಂಬ ಐವರು 1943ರ ಮಾರ್ಚ್‌ನಲ್ಲಿ ಗಲ್ಲಿಗೇರಿದರು. ಅವರ ಹೆಸರುಗಳನ್ನು ನಾಡು ಮರೆತಿಲ್ಲ. ಆದರೆ ಪೆಟ್ಟನ್ನೂ ಸೆರೆವಾಸವನ್ನೂ ಮೈಯಲ್ಲಿ ಹೊತ್ತು ಬದುಕುಳಿದವರ ನೋವನ್ನು ಕೇಳಿದವರು ಎಷ್ಟು ಮಂದಿ? ಮಡಿದವರಿಗೆ ಸ್ಮಾರಕ, ಉಳಿದವರಿಗೆ ಮೌನ ಎಂಬುದು ಲೋಕದ ರೂಢಿ. ಸೇನೆಯಿಂದ ನಿವೃತ್ತರಾಗಿ ಹಳ್ಳಿಗೆ ಮರಳುವ ಇಂದಿನ ಯೋಧರ ಪಾಲಿಗೂ ಈ ರೂಢಿ ಬದಲಾಗಿಲ್ಲ.

ಮೂರು ತಿಂಗಳು ಮೀರಿದ ನೋವನ್ನು ವೈದ್ಯಶಾಸ್ತ್ರವು ದೀರ್ಘಕಾಲಿಕ ನೋವೆನ್ನುತ್ತದೆ. ಅದು ಕೇವಲ ಮೂಳೆ-ನರಗಳ ವಿಷಯವಲ್ಲ. ದೇಹ, ಮನಸ್ಸು, ಸಮಾಜ ಮೂರೂ ಅದರಲ್ಲಿ ಬೆರೆತಿವೆ. ನೊಂದವನು ಹೇಳುವ ನೋವನ್ನು ಗೌರವಿಸಬೇಕೆಂದು ನೋವಿನ ಅಧ್ಯಯನದ ಅಂತರರಾಷ್ಟ್ರೀಯ ಸಂಘವು 2020ರಲ್ಲಿ ಸ್ಪಷ್ಟಪಡಿಸಿತು.

ಈಸೂರಿನವರು ಸೆರೆಮನೆಯಲ್ಲಿದ್ದ ಅದೇ ಚಳಿಗಾಲದಲ್ಲಿ, ಇಂಗ್ಲೆಂಡಿನ ನಾರ್ತ್‌ಫೀಲ್ಡ್ ಸೈನಿಕ ಆಸ್ಪತ್ರೆಯಲ್ಲಿ ವಿಲ್ಫ್ರೆಡ್ ಬಿಯಾನ್ ಎಂಬ ವೈದ್ಯನು ಮನನೊಂದ ಯೋಧರನ್ನು ಗುಂಪಾಗಿ ಕೂಡಿಸಿ ಚಿಕಿತ್ಸೆಯ ಪ್ರಯೋಗಕ್ಕೆ ತೊಡಗಿದನು. ಆ ಹಾದಿ ಮುಂದೆ ದೀರ್ಘಕಾಲಿಕ ನೋವಿನ ಚಿಕಿತ್ಸೆಗೂ ಒದಗಿತು. ತರಬೇತಿ ಪಡೆದವರೊಬ್ಬರ ಮುಂದೆ ಕೆಲವರು ವಾರಕ್ಕೊಮ್ಮೆ ಕೂಡುತ್ತಾರೆ; ಭಯ, ಸಿಟ್ಟು, ನಿದ್ರಾಹೀನತೆಗಳನ್ನು ಹೇಳಿಕೊಳ್ಳುತ್ತಾರೆ; ಶಕ್ತಿಯನ್ನರಿತು ದುಡಿಯುವುದನ್ನು ಕಲಿಯುತ್ತಾರೆ. ಇದರಿಂದ ನೋವು ಮಾಯವಾಗದು. ಆದರೆ ಸಂಕಟವೂ ಅಸಹಾಯಕತೆಯೂ ಒಂದಿಷ್ಟು ತಗ್ಗಬಲ್ಲವು. ತಾನೊಬ್ಬನೇ ನೊಂದವನಲ್ಲವೆಂಬ ಅರಿವು ಮೂಡಬಲ್ಲದು.

ಯೋಧನಾದವನು ನೋವನ್ನು ತೋಡಿಕೊಳ್ಳಬಾರದು, ನುಂಗಿಕೊಳ್ಳಬೇಕು ಎಂಬ ಮಾತುಂಟು. ರಣರಂಗದಲ್ಲಿ ಅದು ಶೌರ್ಯವಾದೀತು; ಮನೆಯಲ್ಲಿ ಅದೇ ಮೌನವು ಮಡದಿ-ಮಕ್ಕಳಿಗೆ ಕೋಪವಾಗಿ, ಅವನಿಗೆ ಕುಡಿತವಾಗಿ ಪರಿಣಮಿಸಬಹುದು. ಕಾಯವನ್ನು ಹಳಿಯದೆ ಕಾಯಕಕ್ಕೆ ಸಾಧನವೆಂದು ಕಂಡ ಶರಣರು ಇಂತಹ ಮೌನವನ್ನು ಹಿರಿಮೆಯೆಂದು ಬಗೆಯಲಿಲ್ಲ. ಇದೇ ತಾಲ್ಲೂಕಿನ ಬಳ್ಳಿಗಾವಿಯ ಅಲ್ಲಮಪ್ರಭುಗಳು ಅಧ್ಯಕ್ಷರಾಗಿದ್ದ ಅನುಭವ ಮಂಟಪದಲ್ಲಿ ಪ್ರತಿಯೊಬ್ಬರ ಅನುಭವಕ್ಕೂ ಕಿವಿಯಿತ್ತು. ಅದು ಚಿಕಿತ್ಸಾಲಯವಲ್ಲ, ನಿಜ; ಆದರೆ ಕೇಳುವ ಗುಣವನ್ನು ಅಲ್ಲಿಂದ ಕಲಿಯಲು ಅಡ್ಡಿಯಿಲ್ಲ.

ಆದುದರಿಂದ ಮಠ, ಶಾಲೆ, ಸಮುದಾಯ ಭವನಗಳ ಅಂಗಳವು ವಾರದಲ್ಲಿ ಒಂದು ಸಂಜೆ ಮಾಜಿ ಯೋಧರಿಗೆ ಮೀಸಲಾಗಲಿ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ತಜ್ಞರನ್ನು ಅಲ್ಲಿಗೆ ಬರಮಾಡಿಕೊಳ್ಳಲಿ. ಔಷಧವನ್ನು ಬಿಡಿಸುವುದಕ್ಕಲ್ಲ, ಔಷಧವು ಮುಟ್ಟದ ಕಡೆಯನ್ನು ಮುಟ್ಟುವುದಕ್ಕೆ. ಯೋಧನಿಗೆ ಹಾರ ಹಾಕುವುದು ವರ್ಷಕ್ಕೊಂದು ದಿನದ ಕೆಲಸ. ಅವನ ಮಾತಿಗೆ ಕಿವಿಗೊಡುವುದು ನಿತ್ಯದ ದಾಸೋಹ.