ಎಲುಬು ಒಪ್ಪಿದ ಲೋಹ
ಸವೆದ ಸೊಂಟದ ಕೀಲಿಗೆ ಬದಲಾಗಿ ಲೋಹದ ಕೀಲನ್ನು ಇಡುವುದು ಒಂದು ಸಾಹಸವಾದರೆ, ಅದು ಸಡಿಲದೆ ನಿಲ್ಲುವಂತೆ ಮಾಡುವುದು ಮತ್ತೊಂದು. ಇಂಗ್ಲೆಂಡಿನ ಜಾನ್ ಚಾರ್ನ್ಲಿಯವರು 1960ರ ದಶಕದಲ್ಲಿ ಕೀಲಿನ ಕಾಂಡವನ್ನು ತೊಡೆಯೆಲುಬಿನೊಳಗೆ ಅಕ್ರಿಲಿಕ್ ಸಿಮೆಂಟಿನಿಂದ ಭದ್ರಪಡಿಸುವ ಕ್ರಮವನ್ನು ರೂಢಿಗೆ ತಂದರು. ಅಸಂಖ್ಯ ಮಂದಿ ನೋವು ನೀಗಿ ನಡೆದಾಡಿದರು. ಆದರೆ ಕೆಲವರಲ್ಲಿ ವರ್ಷಗಳುರುಳಿದಂತೆ ಕಾಂಡ ಸಡಿಲವಾಯಿತು, ನೋವು ಮರಳಿತು, ಮತ್ತೆ ಶಸ್ತ್ರಕ್ರಿಯೆ, ಅದೂ ಇಳಿವಯಸ್ಸಿನಲ್ಲಿ!

ಲಂಡನ್ನಿನ ರೊನಾಲ್ಡ್ ಫರ್ಲಾಂಗರು 1985ರಲ್ಲಿ ಬೇರೆ ಹಾದಿ ಹಿಡಿದರು. ಎಲುಬಿನ ಖನಿಜವನ್ನೇ ಹೋಲುವ ಹೈಡ್ರಾಕ್ಸಿಅಪಟೈಟಿನ ಲೇಪವುಳ್ಳ ಕಾಂಡವನ್ನು ಸಿಮೆಂಟಿಲ್ಲದೆಯೇ ಕೂಡಿಸಿದರು. ಇಂತಹ ಲೇಪದ ದಪ್ಪ ಒಂದೆರಡು ಕೂದಲೆಳೆಯಷ್ಟು. ಅದನ್ನು ಹಚ್ಚುವ ಬಗೆಯೂ ಸೋಜಿಗವೇ: ಪುಡಿಯನ್ನು ಸಹಸ್ರಾರು ಡಿಗ್ರಿ ಶಾಖದ ಪ್ಲಾಸ್ಮಾ ಜ್ವಾಲೆಯಲ್ಲಿ ಹಾಯಿಸಿ ಲೋಹದ ಮೇಲೆ ಎರಚುವರು. ನುಣುಪಾದ ಬರಿಯ ಲೋಹವನ್ನು ದೇಹವು ನಾರಿನ ಪೊರೆಯಿಂದ ಸುತ್ತಿ ದೂರವಿಡುವುದುಂಟು. ಲೇಪದ ಮೇಲಾದರೋ ಎಲುಬು ನೇರವಾಗಿಯೇ ಬೆಳೆದು ಬೆಸೆಯುತ್ತದೆ. ವಂಚನೆಯೇ ಸರಿ, ಆದರೆ ಹಿತವಾದ ವಂಚನೆ.

ಹಾಗೆಂದು ಲೇಪವೊಂದನ್ನೇ ನಚ್ಚುವಂತಿಲ್ಲ. ಮೊದಲ ವಾರಗಳಲ್ಲಿ ಕಾಂಡವು ಸುಮಾರು 0.15 ಮಿಲಿಮೀಟರಿಗಿಂತ ಹೆಚ್ಚು ಅಲುಗಿದರೆ ಎಲುಬಿಗೆ ಬದಲು ನಾರೇ ಬೆಳೆಯುವ ಭಯ. ಆದುದರಿಂದಲೇ ವೈದ್ಯರು ಅದನ್ನು ಬಿಗಿಯಾಗಿ ನಾಟುವರು. ಎಲುಬು ಶಿಥಿಲವಾದ ವೃದ್ಧರಿಗೆ ಸಿಮೆಂಟೇ ಲೇಸೆನ್ನುವ ವೈದ್ಯರು ಇಂದಿಗೂ ಉಂಟು.