ಹದಿನಾರನೆಯ ದಿನದಿಂದ ಯಾರು ಹೊಣೆ?

ಮೂರು ವರ್ಷಗಳ ಹಿಂದೆ ಮೈಸೂರಿನ ಆಸ್ಪತ್ರೆಯೊಂದರಲ್ಲಿ ನನ್ನ ಎಡಗಣ್ಣಿಗೆ ಗ್ಲಾಕೋಮಾ ಶಸ್ತ್ರಚಿಕಿತ್ಸೆಯಾಯಿತು. ಅದೇ ದಿನ ಅದೇ ಚಿಕಿತ್ಸೆಗೆ ಒಳಗಾದ ಇನ್ನೊಬ್ಬರು ನಮ್ಮ ಗುಂಡ್ಲುಪೇಟೆ ತಾಲ್ಲೂಕಿನವರೇ. ಚೆಂಡು ಹೂ ಬೆಳೆಯುವ ರೈತರು. ಪಿಂಚಣಿದಾರನಾದ ನನಗೆ ಮೈಸೂರಿಗೆ ಹೋಗಿಬರುವ ಸುಮಾರು 120 ಕಿ.ಮೀ. ಪ್ರಯಾಣ ಹೊರೆಯಲ್ಲ. ಅವರಿಗೆ ಪ್ರತಿ ಭೇಟಿಯೆಂದರೆ ಒಂದು ದಿನದ ದುಡಿಮೆ, ಜೊತೆಗೆ ಬರುವ ಮಗನ ಕೂಲಿ, ಇಬ್ಬರ ಬಸ್ ಚಾರ್ಜು. ಎರಡು ಬಾರಿ ಬಂದರು. ನೋವಿಲ್ಲವೆಂದು ಆಮೇಲೆ ಬರಲಿಲ್ಲ. ಕಳೆದ ವರ್ಷ ಸಂತೆಯಲ್ಲಿ ಸಿಕ್ಕಾಗ ಆ ಕಣ್ಣಿನಲ್ಲಿ ಬೆಳಕಿನ ಗುರುತಷ್ಟೇ ಉಳಿದಿತ್ತು.

ಪೊರೆಯ ಶಸ್ತ್ರಚಿಕಿತ್ಸೆ ಹೋದ ದೃಷ್ಟಿಯನ್ನು ಮರಳಿ ತರುತ್ತದೆ. ಗ್ಲಾಕೋಮಾದಲ್ಲಿ ಹೋದದ್ದು ಹೋಯಿತು. ಉಳಿದದ್ದನ್ನು ಕಾಯಬಹುದು, ಅಷ್ಟೇ. ಕಣ್ಣಿನೊಳಗೆ ಸದಾ ಉತ್ಪತ್ತಿಯಾಗುವ ದ್ರವ ಸರಾಗವಾಗಿ ಹೊರಹೋಗದಿದ್ದರೆ ಒತ್ತಡ ಏರಿ ದೃಷ್ಟಿನರ ಸಾಯುತ್ತದೆ. 1968ರಲ್ಲಿ ಕೇಂಬ್ರಿಜ್‌ನ ಕೇರ್ನ್ಸ್ ಪ್ರಕಟಿಸಿದ ಟ್ರಾಬೆಕ್ಯುಲೆಕ್ಟಮಿ ಎಂಬ ವಿಧಾನವು, ಕೆರೆಗೆ ಹೊಸ ತೂಬು ಇಟ್ಟಂತೆ, ಆ ದ್ರವಕ್ಕೆ ಬೇರೊಂದು ದಾರಿ ಮಾಡಿಕೊಡುತ್ತದೆ. ಮೇಲ್ರೆಪ್ಪೆಯ ಮರೆಯಲ್ಲಿ ಏಳುವ ಸಣ್ಣ ಗುಳ್ಳೆಯಲ್ಲಿ ದ್ರವ ಸಂಗ್ರಹವಾಗಿ ನಿಧಾನವಾಗಿ ಹೀರಿಹೋಗುತ್ತದೆ. ಆದರೆ ಗಾಯವನ್ನು ಮುಚ್ಚುವುದು ದೇಹದ ಸಹಜ ಗುಣ. ತಿಂಗಳುಗಳ ನಂತರವೂ, ಕೆಲವೊಮ್ಮೆ ವರ್ಷಗಳ ನಂತರವೂ ಕಲೆಗಟ್ಟಿದ ಅಂಗಾಂಶ ಆ ದಾರಿಯನ್ನು ಮುಚ್ಚಿಬಿಡಬಲ್ಲದು.

ಈ ಹಂತದಲ್ಲಿ ನೆರವಿಗೆ ಬರುವುದು ಓಸಿಟಿ ಎಂಬ ಬೆಳಕಿನ ಚಿತ್ರಣ. 1991ರಲ್ಲಿ ಅಮೆರಿಕದ ಎಂಐಟಿಯ ವಿಜ್ಞಾನಿಗಳು ಮತ್ತು ಅವರ ಸಹೋದ್ಯೋಗಿಗಳು ಜಗತ್ತಿಗೆ ಪರಿಚಯಿಸಿದ ಈ ತಂತ್ರದಲ್ಲಿ, ಕಣ್ಣಿಗೆ ಕಾಣದ ಅವಗೆಂಪು ಬೆಳಕು ಅಂಗಾಂಶದ ಪದರಗಳಿಂದ ಪ್ರತಿಫಲಿಸಿ ಒಳಗಿನ ಸೀಳುನೋಟವನ್ನು ಕೊಡುತ್ತದೆ. ಕಣ್ಣನ್ನು ಮುಟ್ಟುವುದಿಲ್ಲ, ನಿಮಿಷಗಳಲ್ಲಿ ಮುಗಿಯುತ್ತದೆ. ಹೊಸ ಗಾಯವಿರುವ ಕಣ್ಣಿಗೆ ಇದು ಸಣ್ಣ ಅನುಕೂಲವಲ್ಲ. ಒತ್ತಡ ಅಳೆಯುವ ಉಪಕರಣ ಕೆರೆಯ ನೀರು ಏರಿದೆಯೆಂದಷ್ಟೇ ಹೇಳುತ್ತದೆ. ತೂಬಿನಲ್ಲಿ ಹೂಳು ಎಲ್ಲಿ ಕಟ್ಟಿದೆಯೆಂಬ ಸುಳಿವನ್ನು ಈ ಚಿತ್ರ ಕೊಡುತ್ತದೆ. ಸಕಾಲದಲ್ಲಿ ತಿಳಿದರೆ ಸೂಜಿಯಿಂದ ಬಿಡಿಸಿ ದಾರಿಯನ್ನು ಉಳಿಸಿಕೊಳ್ಳುವ ಅವಕಾಶವಿರುತ್ತದೆ. ನನಗೆ ಆದದ್ದು ಅದೇ.

ಹಾಗೆಂದು ಯಂತ್ರವೇ ವೈದ್ಯನಲ್ಲ. ಅನುಭವಿ ವೈದ್ಯರ ಪರೀಕ್ಷೆ ಮತ್ತು ಒತ್ತಡದ ಅಳತೆ ಮೊದಲು. ಚಿತ್ರ ಅವಕ್ಕೆ ಪೂರಕ. ನನ್ನ ಆಕ್ಷೇಪ ಇರುವುದು ನಮ್ಮ ಲೆಕ್ಕಾಚಾರದ ಬಗ್ಗೆ. ಆಯುಷ್ಮಾನ್ ಭಾರತ್ ಯೋಜನೆಯು ಆಸ್ಪತ್ರೆಯಿಂದ ಬಿಡುಗಡೆಯಾದ ನಂತರ 15 ದಿನಗಳ ವೆಚ್ಚವನ್ನು ಭರಿಸುತ್ತದೆ. ಅನೇಕ ಕಾಯಿಲೆಗಳಿಗೆ ಅಷ್ಟು ಸಾಕು. ಗ್ಲಾಕೋಮಾದ ಕಣ್ಣಿಗೆ ಹದಿನಾರನೆಯ ದಿನದಿಂದ ಜೀವನಪರ್ಯಂತದ ನಿಗಾ ಬೇಕು. ಬಂಡವಾಳ ಹೂಡಿ ನಿರ್ವಹಣೆಗೆ ಹಣ ಇಡದ ಯೋಜನೆಯ ಗತಿ ಏನೆಂದು ಹೂಳು ತುಂಬಿದ ನಮ್ಮ ಕೆರೆಗಳೇ ಹೇಳುತ್ತವೆ. ಸೇವೆಯಲ್ಲಿದ್ದಾಗ ಪರಿಶೀಲನಾ ಸಭೆಗಳಲ್ಲಿ ಎಷ್ಟು ಶಸ್ತ್ರಚಿಕಿತ್ಸೆ ಆಯಿತೆಂದು ನಾನೂ ಕೇಳಿದ್ದೇನೆ. ವರ್ಷದ ನಂತರ ಎಷ್ಟು ಕಣ್ಣು ಕಾಣುತ್ತಿವೆಯೆಂದು ಒಮ್ಮೆಯೂ ಕೇಳಲಿಲ್ಲ.

ತಾಲ್ಲೂಕಿಗೊಂದು ದುಬಾರಿ ಯಂತ್ರ ಬೇಕೆಂದು ನಾನು ಹೇಳುತ್ತಿಲ್ಲ. ಅಕ್ಷಿಪಟಲದ ಪರೀಕ್ಷೆಗೆ ಬಳಸುವ ಅನೇಕ ಓಸಿಟಿ ಯಂತ್ರಗಳು ಹೆಚ್ಚುವರಿ ಮಸೂರದ ನೆರವಿನಿಂದ ಕಣ್ಣಿನ ಮುಂಭಾಗವನ್ನೂ ಚಿತ್ರಿಸಬಲ್ಲವು. ಚಾಮರಾಜನಗರದಲ್ಲಿ 2016ರಿಂದ ಸರ್ಕಾರಿ ವೈದ್ಯಕೀಯ ಕಾಲೇಜಿದೆ. ಜಿಲ್ಲೆಗೆ ಇಂಥ ಒಂದು ಸೌಲಭ್ಯ, ಶಸ್ತ್ರಚಿಕಿತ್ಸೆಯಾದವರ ಒಂದು ನೋಂದಣಿ ಪುಸ್ತಕ, ಒತ್ತಡದ ಅಳತೆಯನ್ನೂ ಚಿತ್ರವನ್ನೂ ಶಸ್ತ್ರಚಿಕಿತ್ಸೆ ಮಾಡಿದ ವೈದ್ಯರಿಗೆ ಕಳುಹಿಸುವ ವ್ಯವಸ್ಥೆ, ಬಡ ರೋಗಿಗೆ ಪ್ರಯಾಣ ವೆಚ್ಚ: ಇಷ್ಟನ್ನು ಹದಿನೈದು ದಿನಗಳ ಆಚೆಗೂ ಯೋಜನೆಯೊಳಗೆ ತರಬೇಕು. ಬಾರದವರನ್ನು ಆಶಾ ಕಾರ್ಯಕರ್ತೆ ವಿಚಾರಿಸಬೇಕು. ಆ ಕಣ್ಣು ಕೆಂಪಾದರೆ, ನೋವು ಅಥವಾ ಕೀವು ಕಂಡರೆ ಅದೇ ದಿನ ವೈದ್ಯರಲ್ಲಿಗೆ ಹೋಗಬೇಕೆಂದು ತಿಳಿಸಬೇಕು.

ಆ ರೈತರ ಬಲಗಣ್ಣಿಗೂ ಶಸ್ತ್ರಚಿಕಿತ್ಸೆ ಬೇಕೆಂದು ವೈದ್ಯರು ಹೇಳಿದ್ದಾರಂತೆ. ‘ಈ ಕಣ್ಗೂ ಮಾಡಿಸ್ಬುಡ್ಲಾ ಸಾರ್?’ ಎಂದು ಕೇಳಿದರು. ಮಾಡಿಸಿ ಎಂದೆ. ಆಮೇಲೆ ಅದನ್ನು ನೋಡಿಕೊಳ್ಳುವವರು ಯಾರು ಎಂಬ ಪ್ರಶ್ನೆಯನ್ನು ಅವರು ಕೇಳಲಿಲ್ಲ. ಅವರ ಪರವಾಗಿ ನಾನು ಕೇಳುತ್ತಿದ್ದೇನೆ.