ಎತ್ತು ನಿಲ್ಲುತ್ತದೆ, ಟ್ರಾಕ್ಟರ್ ನಿಲ್ಲುವುದಿಲ್ಲ



ನಮ್ಮ ಸಮಾಜದ ವ್ಯಾಪಾರಸ್ಥರಲ್ಲಿ ಅನೇಕರು ಅಂಗಡಿಯ ಜೊತೆಗೆ ನಾಲ್ಕಾರು ಎಕರೆ ಜಮೀನನ್ನೂ ಇಟ್ಟುಕೊಂಡಿದ್ದಾರೆ. ಜಮೀನು ಎಂದ ಮೇಲೆ ಅದರ ಒಂದು ಅಂಚಿನಲ್ಲಿ ಮರಗಿಡ, ಪೊದೆ, ಕಲ್ಲುಗುಡ್ಡೆ ಇದ್ದೇ ಇರುತ್ತದೆ. ಕಾಲೇಜು ಮುಗಿಸಿದ ಮಗ ಬಂದು, "ಒಂದು ಚಿಕ್ಕ ಟ್ರಾಕ್ಟರ್ ತರೋಣ ಅಪ್ಪಾಜಿ, ಉಳುಮೆಗೂ ಆಯಿತು, ಸೌದೆಗೂ ಆಯಿತು" ಎನ್ನುತ್ತಾನೆ. ಉಳುಮೆಯ ವಿಷಯ ಎಲ್ಲರಿಗೂ ಗೊತ್ತು, ಹೇಳಿಕೊಡುವವರೂ ಇದ್ದಾರೆ. ಸೌದೆ ಎಳೆಯುವುದನ್ನೂ ಮರಗಳ ನಡುವೆ ಹಾದಿ ಮಾಡುವುದನ್ನೂ ಯಾರೂ ಹೇಳಿಕೊಡುವುದಿಲ್ಲ. ಮಾರುವವರಂತೂ ಹೇಳುವುದೇ ಇಲ್ಲ. ಆದ್ದರಿಂದ ಈ ತಿಂಗಳು ಅದನ್ನೇ ಬರೆಯುತ್ತಿದ್ದೇವೆ.

ನಮ್ಮ ಅಂಗಡಿ ಚಾಮರಾಜನಗರದಲ್ಲಿ, ಜಮೀನು ಗಡಿಯಾಚೆ ತಾಳವಾಡಿ ಬೆಟ್ಟಸೀಮೆಯ ಜೀರಹಳ್ಳಿ ಕಡೆ. 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಕೊಳ್ಳೇಗಾಲ ತಾಲ್ಲೂಕು ಮೈಸೂರು ರಾಜ್ಯಕ್ಕೆ ಸೇರಿತು, ತಾಳವಾಡಿ ಸೀಮೆ ಮದ್ರಾಸಿನಲ್ಲೇ ಉಳಿಯಿತು. ಹೀಗಾಗಿ ಅಲ್ಲಿ ಮಾತು ಕನ್ನಡ, ಕಾಗದಪತ್ರ ತಮಿಳು, ಜಿಲ್ಲಾ ಕೇಂದ್ರ ಘಟ್ಟದ ಕೆಳಗಿನ ಈರೋಡು. ಸುತ್ತಲೂ ಕಾಡು. 2013ರಲ್ಲಿ ಘೋಷಣೆಯಾದ ಸತ್ಯಮಂಗಲ ಹುಲಿ ಸಂರಕ್ಷಿತ ಪ್ರದೇಶದಲ್ಲಿ ಜೀರಹಳ್ಳಿಯ ಹೆಸರಿನದೇ ಒಂದು ಅರಣ್ಯ ವಲಯವಿದೆ. ರಾಗಿ, ಜೋಳ, ಬಾಳೆ, ಆಲೂಗಡ್ಡೆ, ಕೋಸು, ಅರಿಸಿನ ಅಲ್ಲಿನ ಬೆಳೆಗಳು.

ಗ್ಯಾಸ್ ಬಂದ ಮೇಲೆ ಸೌದೆ ಯಾಕೆ ಎಂದು ಪಟ್ಟಣದ ವಾಚಕರು ಕೇಳಬಹುದು. ಅರಿಸಿನ ಬೆಳೆದವರು ಕೇಳುವುದಿಲ್ಲ. ಕಿತ್ತ ಹಸಿ ಅರಿಸಿನವನ್ನು ಮುಕ್ಕಾಲರಿಂದ ಒಂದು ಗಂಟೆ ಬೇಯಿಸಬೇಕು, ಆಮೇಲೆ ಹತ್ತು ಹದಿನೈದು ದಿನ ಬಿಸಿಲಿಗೆ ಒಣಗಿಸಬೇಕು. ಆವಿಯ ಬಾಯ್ಲರುಗಳು ಬಂದಿದ್ದರಿಂದ ಉರುವಲು ಉಳಿಯುತ್ತಿದೆ ನಿಜ, ಆದರೆ ಆ ಬಾಯ್ಲರಿನ ಹೊಟ್ಟೆಗೂ ಸೌದೆಯೇ ಬೇಕು. ಸಂಕ್ರಾಂತಿ ಕಳೆದು ಶಿವರಾತ್ರಿ ದಾಟುವವರೆಗೆ ಈ ಕೆಲಸ. ಅದರ ಮೇಲೆ ಆಳುಮಕ್ಕಳ ಅಡುಗೆ, ಸ್ನಾನದ ಹಂಡೆ.

ನಮ್ಮ ಹಿರಿಯರು ಸೌದೆ ವ್ಯಾಪಾರಕ್ಕೆ ಕೈ ಹಾಕಿದವರಲ್ಲ. ಶ್ರಾವಕರು ಬಿಡಬೇಕಾದ ಹದಿನೈದು ಕರ್ಮಾದಾನಗಳಲ್ಲಿ ಮೊದಲನೆಯದು ಅಂಗಾರಕರ್ಮ, ಎರಡನೆಯದೇ ವನಕರ್ಮ. ಇದ್ದಿಲು ಸುಡುವುದು, ಕಾಡು ಕಡಿದು ಮಾರುವುದು ಎರಡೂ ಬೇಡ ಎಂದೇ ಬಂದಿದೆ. ಸ್ವಂತ ಜಮೀನಿನಲ್ಲಿ ಗಾಳಿಗೆ ಬಿದ್ದ ಮರ, ಒಣಗಿ ನಿಂತ ಮರ, ಬೇಲಿಸಾಲಿನಿಂದ ಸವರಿದ ಕೊಂಬೆ, ಇಷ್ಟನ್ನು ಸ್ವಂತ ಒಲೆಗೆ ತಂದುಕೊಳ್ಳುವ ಮಾತನ್ನು ಮಾತ್ರ ನಾವು ಇಲ್ಲಿ ಆಡುತ್ತಿರುವುದು.

ಈಗ ಟ್ರಾಕ್ಟರ್. ನಮ್ಮ ಕಡೆ ಚಿಕ್ಕ ಟ್ರಾಕ್ಟರ್ ಎಂದರೆ ಹದಿನೈದರಿಂದ ಇಪ್ಪತ್ತೈದು ಕುದುರೆ ಶಕ್ತಿಯದು. ಬೆಂಗಳೂರಿನ ವಿ.ಎಸ್.ಟಿ. ಕಂಪನಿಯ ಹದಿನೆಂಟೂವರೆ ಕುದುರೆ ಶಕ್ತಿಯ ಮಿತ್ಸುಬಿಶಿ ಶಕ್ತಿ ಈ ಜಾತಿಯಲ್ಲಿ ಬಹುಕಾಲದಿಂದ ಹೆಸರಾಗಿದೆ. ಈಗ ಮಹೀಂದ್ರ, ಕುಬೋಟಾ, ರಾಜಕೋಟೆಯ ಕ್ಯಾಪ್ಟನ್ ಎಲ್ಲವೂ ಇವೆ. ಅಗಲ ಕಡಿಮೆಯಾದ್ದರಿಂದ ಎರಡು ಮರಗಳ ನಡುವೆ ನುಸುಳುತ್ತವೆ, ಡೀಸೆಲ್ ಹಿತಮಿತವಾಗಿ ಕುಡಿಯುತ್ತವೆ. ಹಗುರವಾದ್ದರಿಂದ ಹೊಲದ ಮಣ್ಣೂ ಗಟ್ಟಿಯಾಗುವುದಿಲ್ಲ. ಹೊಲದಲ್ಲಿ ಗುಣವಾದ ಈ ಹಗುರತನವೇ ಕಾಡಂಚಿನಲ್ಲಿ ದೋಷವಾಗುತ್ತದೆ.

ಲೆಕ್ಕ ನೋಡಿ. ಹಸಿ ಮರ ಹೆಚ್ಚುಕಡಿಮೆ ನೀರಿನಷ್ಟೇ ತೂಗುತ್ತದೆ, ಘನ ಮೀಟರಿಗೆ ಒಂದು ಟನ್ ಎಂದಿಟ್ಟುಕೊಳ್ಳಿ. ಹತ್ತು ಅಡಿ ಉದ್ದ, ಒಂದು ಅಡಿ ದಪ್ಪದ ದಿಮ್ಮಿ ಸುಮಾರು 220 ಕಿಲೋ ಆಯಿತು. ಅದೇ ಉದ್ದದ ದಿಮ್ಮಿ ಒಂದೂವರೆ ಅಡಿ ದಪ್ಪವಿದ್ದರೆ 330 ಅಲ್ಲ, 500 ಕಿಲೋ. ದಪ್ಪ ಒಂದೂವರೆ ಪಟ್ಟಾದರೆ ತೂಕ ಎರಡೂಕಾಲು ಪಟ್ಟು. ಕಣ್ಣಿಗೆ "ಸ್ವಲ್ಪ ದಪ್ಪ" ಎಂದು ಕಂಡದ್ದು ತಕ್ಕಡಿಯಲ್ಲಿ ಇಮ್ಮಡಿಗೂ ಮೇಲೆ. ಚಿಕ್ಕ ಟ್ರಾಕ್ಟರಿನ ತೂಕವೇ ಒಂದು ಟನ್ನಿನ ಒಳಗೆ ಇರುತ್ತದೆ. ತನ್ನ ಅರ್ಧ ತೂಕದ ದಿಮ್ಮಿಯನ್ನು ಅದು ಎಳೆದೀತು, ಆದರೆ ದಿಮ್ಮಿಯ ತುದಿ ಒಂದು ಬೇರಿಗೋ ಕಲ್ಲಿಗೋ ಸಿಕ್ಕಿಕೊಂಡರೆ?

ಜೀರಹಳ್ಳಿಯ ಹಿರಿಯ ಬೇಸಾಯಗಾರರೊಬ್ಬರು ನಮ್ಮ ಟ್ರಾಕ್ಟರ್ ಮರ ಎಳೆಯುವುದನ್ನು ಬದುವಿನ ಮೇಲೆ ನಿಂತು ನೋಡುತ್ತಾ ಹೇಳಿದರು: "ಎತ್ತಾದ್ರ ಆಗ್ದು ಅಂದ್ರ ನಿಂತ್ಕತ್ತದ ಸಾವ್ಕಾರ್ರೇ. ಇದು ನಿಂತ್ಕಂಡದಾ?" ಆ ಬೇಸಾಯಗಾರರು ಶಾಲೆಯ ಮುಖ ನೋಡಿದವರಲ್ಲ. ಆದರೂ ಇಡೀ ವಿಷಯ ಆ ಒಂದು ಪ್ರಶ್ನೆಯಲ್ಲಿದೆ. ಎತ್ತಿಗೆ ಭಾರ ಹೆಚ್ಚಾದರೆ ಕಾಲೂರಿ ನಿಲ್ಲುತ್ತದೆ, ಹೊಡೆದರೂ ಕದಲುವುದಿಲ್ಲ. ಅಷ್ಟರಲ್ಲಿ ಮನುಷ್ಯನಿಗೆ ಬುದ್ಧಿ ಬರುತ್ತದೆ. ಯಂತ್ರ ಹಾಗಲ್ಲ. ದಿಮ್ಮಿ ಬರದಿದ್ದರೆ, ಹಿಂದಿನ ಗಾಲಿಯೂ ಜಾರದಿದ್ದರೆ, ಇಂಜಿನ್ನಿನ ಬಲ ಎಲ್ಲಿಗಾದರೂ ಹೋಗಲೇಬೇಕಲ್ಲ, ಅದು ಟ್ರಾಕ್ಟರಿನ ಮೂತಿಯನ್ನೇ ಮೇಲೆತ್ತುತ್ತದೆ.

ವ್ಯಾಪಾರಸ್ಥರಿಗೆ ಅರ್ಥವಾಗುವಂತೆ ಹೇಳುವುದಾದರೆ, ಹಿಂದಿನ ಗಾಲಿಗಳ ಅಚ್ಚು ತಕ್ಕಡಿಯ ನಡುಗೂಟ ಇದ್ದ ಹಾಗೆ. ಮುಂಭಾಗದ ಭಾರ ಒಂದು ತಟ್ಟೆ, ಎಳೆತದ ಭಾರ ಇನ್ನೊಂದು ತಟ್ಟೆ. ಸರಪಳಿಯನ್ನು ಕೆಳಗಿನ ಡ್ರಾಬಾರಿಗೆ, ಅಂದರೆ ಅಚ್ಚಿಗಿಂತ ತಗ್ಗಿನಲ್ಲಿ ಕಟ್ಟಿದರೆ ಮೂತಿ ನೆಲದ ಮೇಲೆ ಉಳಿಯುತ್ತದೆ, ಭಾರ ಮೀರಿದಾಗ ಗಾಲಿ ಜಾರಿ ನಿಂತುಬಿಡುತ್ತದೆ. ಅದೇ ಸರಪಳಿಯನ್ನು ಅಚ್ಚಿಗೇ ಸುತ್ತಿದರೆ, ಅಥವಾ ಮೇಲಿರುವ ಟಾಪ್ ಲಿಂಕಿನ ತೂತಿಗೆ ಸಿಕ್ಕಿಸಿದರೆ, ಟ್ರಾಕ್ಟರನ್ನು ಹಿಂದಕ್ಕೆ ಮಗುಚಲು ನಾವೇ ಹಗ್ಗ ಕಟ್ಟಿಕೊಟ್ಟ ಹಾಗೆ. ಮುಂದಿನ ಗಾಲಿ ನೆಲ ಬಿಟ್ಟ ಮೇಲೆ ಸುಮಾರು ಮುಕ್ಕಾಲು ಸೆಕೆಂಡಿನಲ್ಲಿ ತಡೆಯಲಾಗದ ಹಂತ ದಾಟುತ್ತದೆ, ಒಂದೂವರೆ ಸೆಕೆಂಡಿನಲ್ಲಿ ಟ್ರಾಕ್ಟರ್ ಮಗುಚಿ ಚಾಲಕನ ಮೇಲಿರುತ್ತದೆ. ಏನಾಯಿತು ಎಂದು ತಿಳಿದು ಕ್ಲಚ್ ತುಳಿಯುವುದಕ್ಕೆ ಮನುಷ್ಯನಿಗೆ ಬೇಕಾಗುವ ಹೊತ್ತೂ ಅಷ್ಟೇ. ಚಾಲಕ ಎಷ್ಟು ಚುರುಕಿನವನಾದರೂ ಲಾಭವಿಲ್ಲ.

ನಮಗೆ ಗೊತ್ತಿರುವ ಮನೆಯೊಂದರಲ್ಲಿ ಹೀಗೆಯೇ ಆಯಿತು. ಹೆಸರು ಬೇಡ. ಬಿದ್ದ ಮರವನ್ನು ಮಳೆಗೆ ಮುಂಚೆ ಎಳೆದು ತರೋಣ ಎಂಬ ಅವಸರ, ಸರಪಳಿ ಗಿಡ್ಡ, ಆದ್ದರಿಂದ ಮೇಲಕ್ಕೆ ಕಟ್ಟಿದರು. ಓಡಿಸುತ್ತಿದ್ದವನು ಸಂಬಳದ ಆಳು, ಇಪ್ಪತ್ತಾರು ವರ್ಷ, ಚಿಕ್ಕ ಇಬ್ಬರು ಮಕ್ಕಳು. ಹತ್ತು ಅಡಿ ಸರಪಳಿಯ ಬೆಲೆ ಉಳಿಸಿದ್ದು ಅಲ್ಲಿ ಲೆಕ್ಕಕ್ಕೆ ಬಂತು.

ಕೊಳ್ಳುವಾಗ ಚಾಲಕನ ಸೀಟಿನ ಹಿಂದೆ ನಿಲ್ಲುವ ಉಕ್ಕಿನ ಕಮಾನು, ರೋಲ್ ಬಾರ್ ಎನ್ನುತ್ತಾರೆ, ಅದನ್ನು ಕೇಳಿರಿ. ಅನೇಕ ಸಣ್ಣ ಮಾದರಿಗಳಲ್ಲಿ ಅದು ಇರುವುದಿಲ್ಲ. ಸ್ವೀಡನ್ ದೇಶದಲ್ಲಿ 1959ರಿಂದ ಹೊಸ ಟ್ರಾಕ್ಟರುಗಳಿಗೆಲ್ಲ ಇದನ್ನು ಕಡ್ಡಾಯ ಮಾಡಿದರು, ಮಗುಚಿ ಸಾಯುವವರ ಸಂಖ್ಯೆ ಕ್ರಮೇಣ ಅತ್ಯಲ್ಪಕ್ಕೆ ಇಳಿಯಿತು. ಕಮಾನು ಇದ್ದರೆ ಸೀಟ್ ಬೆಲ್ಟ್ ಕಟ್ಟಲೇಬೇಕು, ಇಲ್ಲವಾದರೆ ಎಸೆಯಲ್ಪಟ್ಟು ಅದೇ ಕಮಾನಿನ ಕೆಳಗೆ ಸಿಕ್ಕುವ ಅಪಾಯ. ಬಣ್ಣ, ಮ್ಯೂಸಿಕ್ ಸಿಸ್ಟಮ್, ಹೂವಿನ ಹಾರಕ್ಕೆ ಹಣ ಕೊಡುವವರು ಇದಕ್ಕೆ ಚೌಕಾಸಿ ಮಾಡುವುದನ್ನು ಕಂಡಿದ್ದೇವೆ.

ಇಳಿಜಾರಿನಲ್ಲಿ ಡೀಸೆಲ್ ಉಳಿಸಲು ನ್ಯೂಟ್ರಲ್ ಮಾಡುವ ಚಟ ನಮ್ಮ ಕಡೆ ಬಹಳ. ದಿಮ್ಮಿಯೋ ಟ್ರೇಲರೋ ಹಿಂದಿದ್ದಾಗ ಇಳಿಯುವುದು ಕಡಿಮೆ ಗೇರಿನಲ್ಲೇ ಆಗಬೇಕು. ಎಡ ಬಲ ಬ್ರೇಕಿನ ಎರಡು ಪೆಡಲ್‌ಗಳನ್ನು ಕೊಂಡಿ ಹಾಕಿ ಜೋಡಿಸಿಕೊಳ್ಳಬೇಕು, ಬಿಡಿಯಾಗಿದ್ದು ಒಂದನ್ನೇ ತುಳಿದರೆ ಗಾಡಿ ಅಡ್ಡ ತಿರುಗುತ್ತದೆ. ಮಡ್‌ಗಾರ್ಡಿನ ಮೇಲೆ ಮಕ್ಕಳನ್ನು ಕೂರಿಸಿಕೊಂಡು ಹೋಗುವುದನ್ನು ನಾವು ನಮ್ಮ ಜಮೀನಿನಲ್ಲಿ ಬಿಡುವುದಿಲ್ಲ. ಮೊಮ್ಮಕ್ಕಳು ಅತ್ತರೂ ಸರಿಯೇ. ಟ್ರಾಕ್ಟರಿನ ಹಿಂದೆ ತಿರುಗುವ ಪಿ.ಟಿ.ಓ. ದಂಡ ನಿಮಿಷಕ್ಕೆ 540 ಸುತ್ತು, ಅಂದರೆ ಸೆಕೆಂಡಿಗೆ ಒಂಬತ್ತು. ಪಂಚೆ, ಟವೆಲು, ಸೀರೆಯ ಸೆರಗು ಹತ್ತಿರ ಹೋಗಬಾರದು. ಸೌದೆ ಕೊಯ್ಯುವ ಗರಗಸವನ್ನು ಅದಕ್ಕೆ ಜೋಡಿಸಿ ಕೊಡುತ್ತೇವೆ ಎಂದು ಬರುವವರಿದ್ದಾರೆ. ನಮ್ಮ ಮನೆಗೆ ಬೇಕಾದ ಸೌದೆಗೆ ಅದರ ಅಗತ್ಯ ನಮಗೆ ಕಂಡಿಲ್ಲ.

ನಮ್ಮ ಅಭಿಪ್ರಾಯದಲ್ಲಿ ಮೊದಲು ಹಾದಿ, ಆಮೇಲೆ ಸೌದೆ. ಹಾದಿ ಸರಿಯಿದ್ದರೆ ದಿಮ್ಮಿ ಎಳೆಯುವ ಪ್ರಮೇಯವೇ ಕಡಿಮೆ. ಮರ ಬಿದ್ದಲ್ಲೇ ಮೂರು ಮೂರು ಅಡಿ ತುಂಡು ಮಾಡಿ ಟ್ರೇಲರಿಗೆ ತುಂಬಿಕೊಂಡು ಬರಬಹುದು. ಇಳಿಜಾರಿಗೆ ನೇರವಾಗಿ ಹಾದಿ ಕೊಯ್ದರೆ ಎರಡು ಮಳೆಗಾಲದಲ್ಲಿ ಅದು ಹಳ್ಳವಾಗುತ್ತದೆ. ತಾಳವಾಡಿ ಸೀಮೆಗೆ ಮುಂಗಾರೂ ಉಂಟು, ಐಪಸಿಯ ಹಿಂಗಾರೂ ಉಂಟು, ನೆನಪಿರಲಿ. ಗುಡ್ಡವನ್ನು ಬಳಸಿಕೊಂಡು ಮೆಲ್ಲಗೆ ಏರುವ ಹಾದಿ ಉದ್ದವಾದರೂ ಉಳಿಯುತ್ತದೆ. ಅಲ್ಲಲ್ಲಿ ಓರೆಯಾಗಿ ಮಣ್ಣಿನ ದಿಂಡು ಹಾಕಿ ನೀರನ್ನು ಪಕ್ಕಕ್ಕೆ ಹೊರಳಿಸಬೇಕು. ಹಾದಿಯ ಮೇಲಿನ ತರಗೆಲೆ, ಹುಲ್ಲನ್ನು ಮಾಘಮಾಸದೊಳಗೆ ತೆಗೆದಿಟ್ಟರೆ ಬೇಸಿಗೆಯಲ್ಲಿ ಅದೇ ಬೆಂಕಿ ರೇಖೆಯೂ ಆಗುತ್ತದೆ. ಕಾದ ಸೈಲೆನ್ಸರಿನ ಗಾಡಿಯನ್ನು ಒಣಹುಲ್ಲಿನ ಮೇಲೆ ನಿಲ್ಲಿಸಬೇಡಿ.

ಹಾದಿಗೆ ಅಡ್ಡ ಬರುವುದು ಮುಖ್ಯವಾಗಿ ಲಂಟಾನ. ಆ ಕಾಡುಗಳನ್ನೆಲ್ಲ ಅದು ತುಂಬಿಕೊಂಡಿದೆ. ಟ್ರಾಕ್ಟರಿಗೆ ಸರಪಳಿ ಕಟ್ಟಿ ಪೊದೆ ಕೀಳುವುದು ನೋಡಲು ಚೆಂದ, ಆದರೆ ಮಣ್ಣು ಕದಡಿ ಬಿದ್ದ ಬೀಜವೆಲ್ಲ ಮರು ಮಳೆಗೆ ಮೊಳೆಯುತ್ತದೆ. ಬುಡದ ಮಣ್ಣು ಸರಿಸಿ, ತಾಯಿಬೇರನ್ನು ನೆಲಮಟ್ಟದಿಂದ ಎರಡು ಬೆರಳು ಕೆಳಗೆ ಕತ್ತರಿಸಿ, ಗಿಡವನ್ನು ತಲೆಕೆಳಗಾಗಿ ಇಟ್ಟರೆ ಮತ್ತೆ ಚಿಗುರುವುದಿಲ್ಲ. ಇದು ಕೈಕೆಲಸ, ಯಂತ್ರಕ್ಕೆ ಬಾರದು. ಮಹದೇಶ್ವರ ಬೆಟ್ಟದ ಸೋಲಿಗರು ಇದೇ ಲಂಟಾನದ ಕಡ್ಡಿಯಿಂದ ಕುರ್ಚಿ, ಮೇಜು ಮಾಡಿ ಮಾರುತ್ತಿದ್ದಾರೆ.

ಒಂದು ಮಾತನ್ನು ಒತ್ತಿ ಹೇಳಬೇಕು. ಟ್ರಾಕ್ಟರ್ ದಾಟಲಿ ಎಂದು ಆನೆ ಕಂದಕಕ್ಕೆ ಮಣ್ಣು ತುಂಬುವವರು ಇದ್ದಾರೆ. ನಮ್ಮ ಅನುಕೂಲಕ್ಕೆ ಮುಚ್ಚಿದ ಹತ್ತಡಿ, ಊರಿನ ಅಷ್ಟೂ ಹೊಲಗಳಿಗೆ ಆನೆಯ ಬಾಗಿಲು. ಕರುಪ್ಪನ್ ಎಂದು ಜನ ಹೆಸರಿಟ್ಟಿದ್ದ ಕಾಡಾನೆ ತಾಳವಾಡಿ, ಜೀರಹಳ್ಳಿ ಭಾಗದಲ್ಲಿ ಬೆಳೆ ತುಳಿದು, ಜೀವವನ್ನೂ ತೆಗೆದು, ಹಲವು ಪ್ರಯತ್ನಗಳ ನಂತರ 2023ರ ಏಪ್ರಿಲ್‌ನಲ್ಲಿ ಸೆರೆಯಾಯಿತು. ಒಂದು ಆನೆ ಹೋಯಿತೆಂದು ಕಾಡು ಖಾಲಿಯಾಗಲಿಲ್ಲ. ಬಿಸಿಲು ಬಿದ್ದ ಮೇಲೆ ಕೆಲಸಕ್ಕೆ ಇಳಿದು, ನಾಲ್ಕು ಗಂಟೆಗೆ ಗಾಡಿ ಮನೆಯ ಮುಂದೆ ನಿಂತಿರಬೇಕು ಎಂಬುದು ನಮ್ಮ ಜಮೀನಿನ ಕಟ್ಟಳೆ. ಇಂಜಿನ್ನಿನ ಸದ್ದಿನಲ್ಲಿ ಆನೆ ಪೊದೆ ಮುರಿಯುವ ಸದ್ದು ಕೇಳಿಸುವುದಿಲ್ಲ. ಆದ್ದರಿಂದ ಒಬ್ಬ ಓಡಿಸುವಾಗ ಇನ್ನೊಬ್ಬ ದೂರ ನಿಂತು ನೋಡುತ್ತಿರಬೇಕು, ಆ ಇನ್ನೊಬ್ಬನ ಕೂಲಿಯನ್ನು ದಂಡ ಎಂದು ಬರೆಯಬಾರದು.

ಕಾನೂನಿನ ವಿಷಯ ಸಂಕ್ಷೇಪವಾಗಿ. ಪಟ್ಟಾ ಜಮೀನಿನ ಗೆರೆ ದಾಟಿ ಅರಣ್ಯದಿಂದ ಒಣಕಡ್ಡಿ ತಂದರೂ ಅಪರಾಧವೇ. ಶ್ರೀಗಂಧ ನಮ್ಮದೇ ಹೊಲದಲ್ಲಿ ಒಣಗಿ ಬಿದ್ದಿದ್ದರೂ ಅರಣ್ಯ ಇಲಾಖೆಗೆ ತಿಳಿಸದೆ ಮುಟ್ಟಬಾರದು. ಗಡಿ ಹತ್ತಿರವಿದೆಯೆಂದು ಒಂದು ಟ್ರೇಲರ್ ಸೌದೆಯನ್ನು ಚಾಮರಾಜನಗರದ ಮನೆಗೆ ತರೋಣ ಎನಿಸಬಹುದು. ಅದಕ್ಕೆ ಮೊದಲು ವಲಯ ಕಛೇರಿಯಲ್ಲಿ ಸಾಗಾಣಿಕೆ ಪರವಾನಗಿಯ ವಿಚಾರ ಕೇಳಿಕೊಳ್ಳಿ.

ಇನ್ನು ತಂದ ಸೌದೆ. ಹಸಿ ಸೌದೆಯ ತೂಕದಲ್ಲಿ ಸುಮಾರು ಅರ್ಧ ನೀರೇ. ಅದನ್ನು ಉರಿಸುವುದೆಂದರೆ ನೀರು ಕಾಯಿಸಿ ಆಕಾಶಕ್ಕೆ ಬಿಟ್ಟ ಹಾಗೆ, ಉಳಿದದ್ದು ಅಡುಗೆಮನೆಯ ಹೆಂಗಸರ ಕಣ್ಣಿಗೆ ಹೊಗೆ. ಸೀಳಿ, ಎರಡು ಉದ್ದ ಕಟ್ಟಿಗೆಯ ಮೇಲೆ ನೆಲಕ್ಕೆ ತಾಗದಂತೆ ಒಟ್ಟಿ, ಮೇಲ್ಗಡೆ ಮಾತ್ರ ಹೊದಿಸಿ, ಪಕ್ಕಗಳಲ್ಲಿ ಗಾಳಿಯಾಡಲು ಬಿಟ್ಟರೆ ಆರು ತಿಂಗಳಿಂದ ವರ್ಷದಲ್ಲಿ ಚೆನ್ನಾಗಿ ಒಣಗುತ್ತದೆ. ಒಟ್ಟಿಲು ಮನೆಯ ಗೋಡೆಗೆ ತಾಗಿರಬಾರದು, ಹಾವು ಚೇಳು ಸೇರುತ್ತವೆ.

ಮರ ಕಡಿಯುವ ಮುನ್ನ ಪೊಟರೆ ನೋಡಬೇಕು, ಗೂಡು, ಜೇನು, ಗೊದ್ದ ಇದ್ದರೆ ಆ ಮರವನ್ನು ಹಾಗೆಯೇ ಬಿಡುವುದು. ಒಲೆಗೆ ಹಾಕುವಾಗ ಒಂದೊಂದು ಸೌದೆಯನ್ನೂ ನೆಲಕ್ಕೆ ಕುಟ್ಟಿ, ತೊಗಟೆ ಬಿಡಿಸಿ ನೋಡಿ ಹಾಕುವುದು ನಮ್ಮ ತಾಯಂದಿರ ಕಾಲದ ಅಭ್ಯಾಸ. ಚಾತುರ್ಮಾಸದಲ್ಲಿ ಮರಗಳ ಕಡೆ ಗಾಡಿ ಹೋಗುವುದೇ ಇಲ್ಲ. ನೆಲವೂ ಜಾರು, ಜೀವಜಂತುಗಳೂ ಹೆಚ್ಚು. ಈ ಸಲ ಫಾಲ್ಗುಣದಲ್ಲಿ ಒಟ್ಟಿದ ಸೌದೆಯನ್ನು ಬರುವ ಸಂಕ್ರಾಂತಿ ಕಳೆದ ಮೇಲೆ, ಅರಿಸಿನದ ಮೊದಲ ಬಾಯ್ಲರಿಗೆ ಬಿಚ್ಚುತ್ತೇವೆ.